ಉಳಿದ ಹನ್ನೊಂದು ಮೈಲಿ

ಕೈಗೆತ್ತಿಕೊಂಡ ಕೆಲಸವನ್ನು ಮುಗಿಸಿದವನಿಗೇ ಲೋಕದಲ್ಲಿ ಮನ್ನಣೆ. ನಡುವೆ ಬಿಟ್ಟವನ ಪಾಡು ಎಂತಹದೆಂಬುದನ್ನು ನಾನು ಸ್ವಾನುಭವದಿಂದ ಬಲ್ಲೆ. ಹತ್ತೊಂಬತ್ತನೆಯ ಶತಮಾನದ ಕನ್ನಡ ಪತ್ರಿಕೆಗಳನ್ನು ಕುರಿತ ಒಂದು ಮಹಾಪ್ರಬಂಧದ ಹಸ್ತಪ್ರತಿ ನನ್ನ ಮನೆಯ ಬೀರುವಿನ ಮೇಲಂತಸ್ತಿನಲ್ಲಿ ಕೆಂಪು ಬಟ್ಟೆಯ ಗಂಟಾಗಿ ಬಹುಕಾಲದಿಂದ ಕುಳಿತಿದೆ. ಯೋಜಿಸಿದ್ದು ಏಳು ಅಧ್ಯಾಯ; ಬರೆದದ್ದು ನಾಲ್ಕು. “ಡಾಕ್ಟರೇಟ್ ಎಲ್ಲಿಗೆ ಬಂತು?” ಎಂದು ಸಹೋದ್ಯೋಗಿಗಳು ಮೊದಮೊದಲು ಕೇಳುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ. ಕೇಳುತ್ತಿದ್ದ ಕಾಲಕ್ಕಿಂತ ಕೇಳದ ಈ ಕಾಲವೇ ನನಗೆ ಹೆಚ್ಚು ಇರಿಸುಮುರಿಸಾಗಿದೆ.

ಈ ಗಂಟಿಗೂ ಅಮೆರಿಕದ ಬೆಟ್ಟಸಾಲಿನ ಒಂದು ಕಾಲುದಾರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. 2023ರ ಏಪ್ರಿಲ್ ತಿಂಗಳಲ್ಲಿ ಆ ದಾರಿಯಲ್ಲಿ ಮೂರು ದಿನ ನಡೆಯುವವರೆಗೆ ನನಗೂ ಅದು ಗೊತ್ತಿರಲಿಲ್ಲ.

ಅಮೆರಿಕದ ಪೂರ್ವಭಾಗದಲ್ಲಿ ನಮ್ಮ ಸಹ್ಯಾದ್ರಿಯಂತೆ ಉದ್ದಕ್ಕೂ ಹಬ್ಬಿರುವ ಪರ್ವತಶ್ರೇಣಿ ಅಪಲಾಚಿಯನ್. ಅದರ ಬೆನ್ನ ಮೇಲೆ ದಕ್ಷಿಣದ ಜಾರ್ಜಿಯಾದಿಂದ ಉತ್ತರದ ಮೇನ್ ಸಂಸ್ಥಾನದವರೆಗೆ, ಹದಿನಾಲ್ಕು ಸಂಸ್ಥಾನಗಳನ್ನು ಹಾದು, ಸುಮಾರು 2,190 ಮೈಲಿಗಳಷ್ಟು ಉದ್ದದ ಕಾಲುದಾರಿಯೊಂದು ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಮೂರೂವರೆ ಸಾವಿರ ಕಿಲೋಮೀಟರು. ಇಂತಹದೊಂದು ದಾರಿ ಬೇಕೆಂದು ಬೆಂಟನ್ ಮೆಕಾಯ್ ಎಂಬಾತ 1921ರಲ್ಲಿ ಒಂದು ಲೇಖನ ಬರೆದ. ಊರೂರಿನ ನಡಿಗೆಯ ಸಂಘಗಳು ತಮಗೆ ಹತ್ತಿರವಾದ ಬೆಟ್ಟಗಳಲ್ಲಿ ತುಂಡುತುಂಡಾಗಿ ಹಾದಿ ಕಡಿದುಕೊಂಡು ಬಂದು, 1937ರಲ್ಲಿ ಆ ತುಂಡುಗಳೆಲ್ಲ ಒಂದಕ್ಕೊಂದು ಕೂಡಿಕೊಂಡವು. 1968ರಲ್ಲಿ ಅದಕ್ಕೆ ರಾಷ್ಟ್ರೀಯ ದಾರಿಯೆಂಬ ಶಾಸನಬದ್ಧ ಸ್ಥಾನ ದೊರೆಯಿತು.

ಈ ದಾರಿಯನ್ನು ಒಂದೇ ಉಸಿರಿನಲ್ಲಿ, ಐದಾರು ತಿಂಗಳಲ್ಲಿ, ಕೊನೆಮುಟ್ಟಿಸುವ ಸಾಹಸಿಗಳು ಉಂಟು. ಎರಡನೆಯ ಮಹಾಯುದ್ಧದಿಂದ ಮರಳಿದ ಅರ್ಲ್ ಶೇಫರ್ ಎಂಬ ಯೋಧ, ರಣರಂಗದಲ್ಲಿ ಗೆಳೆಯನನ್ನು ಕಳೆದುಕೊಂಡ ಸಂಕಟವನ್ನು ನಡೆದು ಕಳೆಯಬೇಕೆಂದು 1948ರಲ್ಲಿ ಹೊರಟು ಕೊನೆ ಮುಟ್ಟಿದ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬಾಕೆ, ಹನ್ನೊಂದು ಮಕ್ಕಳ ತಾಯಿ, ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ ಕ್ಯಾನ್ವಾಸ್ ಬೂಟು ಮೆಟ್ಟಿ, ಕೈಯಲ್ಲಿ ಹೊಲಿದ ಚೀಲವನ್ನು ಹೆಗಲಿಗೇರಿಸಿ ಒಬ್ಬಳೇ ನಡೆದುಬಿಟ್ಟಳು. ಇವರ ಕಥೆಗಳನ್ನು ಎಲ್ಲರೂ ಹೇಳುತ್ತಾರೆ. ಆದರೆ ಹಾಗೆ ಹೊರಟ ನಾಲ್ವರಲ್ಲಿ ಸುಮಾರಾಗಿ ಒಬ್ಬರು ಮಾತ್ರ ಗುರಿ ಸೇರುತ್ತಾರಂತೆ. ಇವರಲ್ಲದೆ ಇನ್ನೊಂದು ಪಂಗಡವಿದೆ. ಅವರು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ನಾಲ್ಕು ದಿನ ನಡೆದು, ನಿಲ್ಲಿಸಿದ ಜಾಗವನ್ನು ಗುರುತಿಟ್ಟುಕೊಂಡು, ಮರುವರ್ಷ ಅಲ್ಲಿಂದಲೇ ಮುಂದುವರಿಯುವರು. ಅಲ್ಲಿಯವರು ಇದನ್ನು ‘ಸೆಕ್ಷನ್ ಹೈಕ್’ ಎನ್ನುತ್ತಾರೆ. ನಾನು ಮೊದಲನೆಯದಕ್ಕೆ ಇಡಿನಡಿಗೆಯೆಂದೂ ಎರಡನೆಯದಕ್ಕೆ ಬಿಡಿನಡಿಗೆಯೆಂದೂ ಹೆಸರಿಟ್ಟುಕೊಂಡೆ.

ನನ್ನ ಭಾವ, ಎಂದರೆ ಅಕ್ಕನ ಯಜಮಾನರು, ಈ ಬಿಡಿನಡಿಗೆಯ ಪಂಗಡಕ್ಕೆ ಸೇರಿದವರು. ಶಿವಮೊಗ್ಗ ಜಿಲ್ಲೆಯಿಂದ ಹೋಗಿ ಅಟ್ಲಾಂಟ ನಗರದ ಹೊರವಲಯದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಎರಡು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ, ವೈದ್ಯರು ನಡೆಯಬೇಕೆಂದು ಹೇಳಿದ್ದೇ ನೆಪವಾಗಿ, ಉತ್ತರ ಕ್ಯಾರೊಲೈನಾದ ಕಡೆ ಎರಡು ತುಂಡು ದಾರಿ ಮುಗಿಸಿದ್ದರು. ನಾನು ಗಳಿಕೆ ರಜೆ ಹಾಕಿ ಅಕ್ಕನ ಮನೆಗೆ ಹೋದಾಗ, “ಈ ವರ್ಷ ಮೊದಲ ತುಂಡು. ನೀನೂ ಬಾ ಮಾರಾಯ. ಬರೇ ಮೂವತ್ತೊಂದು ಮೈಲಿ, ನಾಲ್ಕು ದಿನ” ಎಂದರು. ‘ಬರೇ’ ಎಂಬ ಶಬ್ದದ ಅರ್ಥವ್ಯಾಪ್ತಿಯನ್ನು ನಾನು ಅಲ್ಲಿಯವರೆಗೆ ಸರಿಯಾಗಿ ತಿಳಿದಿರಲಿಲ್ಲ.

ಸ್ಪ್ರಿಂಗರ್ ಬೆಟ್ಟದ ಕೆಳಗೆ, ಜಲ್ಲಿಯ ಕಾಡುರಸ್ತೆಯ ಕೊನೆಯಲ್ಲಿ, ಅಕ್ಕನ ಮಗಳು ನಮ್ಮನ್ನು ಕಾರಿನಿಂದ ಇಳಿಸಿ ಹೋದಳು. ಬೆನ್ನುಚೀಲದಲ್ಲಿ ಡೇರೆ, ಹೊದಿಕೆ, ಪುಟ್ಟ ಒಲೆ. ಊಟಕ್ಕೆ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಇದಲ್ಲದೆ ಭಾವ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಡಬ್ಬ ಹೊತ್ತಿದ್ದರು. ನಾವು ಮೂರನೆಯ ರಾತ್ರಿ ತಂಗಬೇಕೆಂದಿದ್ದ ಬ್ಲಡ್ ಮೌಂಟನ್ ಬೆಟ್ಟದ ಆಸುಪಾಸಿನಲ್ಲಿ, ಮಾರ್ಚ್ 1ರಿಂದ ಜೂನ್ 1ರವರೆಗೆ ರಾತ್ರಿ ಉಳಿಯುವವರು ಕರಡಿ ತೆರೆಯಲಾರದ ಇಂತಹ ಡಬ್ಬದಲ್ಲೇ ಆಹಾರ ಇಡಬೇಕೆಂದು ಆಗ ಅರಣ್ಯ ಇಲಾಖೆಯ ಕಟ್ಟಳೆಯಿತ್ತು. ಅಕ್ಕನ ಗೊಜ್ಜಿಗೆ ಕರಡಿಯಿಂದ ರಕ್ಷಣೆ ಬೇಕಾದೀತೆಂದು ಅಕ್ಕ ಕೂಡ ಎಣಿಸಿರಲಾರಳು.

ಒಂದು ಮೈಲಿ ಹತ್ತಿ ಶಿಖರ ಮುಟ್ಟಿದೆವು. 3,782 ಅಡಿ ಎತ್ತರ. ಬಂಡೆಯ ಮೇಲೆ ಕೂರಿಸಿದ ಕಂಚಿನ ಫಲಕ. ಅದರಲ್ಲಿ ಚೀಲ ಹೊತ್ತ ಪಥಿಕನ ಚಿತ್ರ. ಪಕ್ಕದಲ್ಲೇ ಮೊದಲನೆಯ ಬಿಳಿಯ ಗುರುತು. ಎರಡಂಗುಲ ಅಗಲ, ಆರಂಗುಲ ಉದ್ದದ ಈ ಬಿಳಿಯ ಪಟ್ಟೆ ಮರದಿಂದ ಮರಕ್ಕೆ, ಬಂಡೆಯಿಂದ ಬಂಡೆಗೆ ಮೇನ್‌ವರೆಗೂ ಹೋಗುತ್ತದೆ. ನಕ್ಷೆ ಬಾರದವನೂ ಅದನ್ನು ಹಿಡಿದು ಹೋಗಬಹುದು. ಬಂಡೆಯ ಗೂಡಿನಲ್ಲಿ ಒಂದು ಪುಸ್ತಕವಿತ್ತು. ಬಂದವರು ಹೆಸರು ಬರೆದು ಹೋಗುವುದು ವಾಡಿಕೆ. ನಾನು ಕನ್ನಡ ಅಕ್ಷರಗಳಲ್ಲಿ ನನ್ನ ಹೆಸರನ್ನೂ ಊರನ್ನೂ ಬರೆದೆ. ಪಕ್ಕದಲ್ಲಿದ್ದ ಯುವಕನೊಬ್ಬ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿ, “ಇದು ಚೆರೋಕಿಯೇ?” ಎಂದು ಕೇಳಿದ. ಅಲ್ಲ, ಕನ್ನಡ, ಎಂದೆ. ಆ ಪ್ರಶ್ನೆ ಆಗ ನನಗೆ ವಿಚಿತ್ರವಾಗಿ ಕಂಡಿತು, ಮರೆತೂ ಬಿಟ್ಟೆ.

ವಸಂತವೆಂದರೆ ನಮಗೆ ಹೊಂಗೆಯ ಚಿಗುರು, ಮಾವಿನ ಮಿಡಿ, ಏರುವ ಬಿಸಿಲು. ಅಲ್ಲಿಯ ವಸಂತ ಬೇರೆ. ಅದು ಕಣಿವೆಯಲ್ಲಿ ಮೊದಲು ಹುಟ್ಟಿ, ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಬೆಟ್ಟ ಹತ್ತುತ್ತದೆ. ಶಿಖರದಲ್ಲಿ ಓಕ್ ಮರಗಳು ಇನ್ನೂ ಬೋಳಾಗಿದ್ದವು. ಇಳಿಯುತ್ತ ಹೋದಂತೆ ಒಂದೊಂದೇ ಎಲೆ ಕಣ್ಣು ಬಿಟ್ಟಿತು. ಇನ್ನೂ ಕೆಳಗೆ, ತೊರೆಯ ಬದಿಯಲ್ಲಿ, ಮೂರೆಲೆಯ ನಡುವೆ ಮೂರೆಸಳಿನ ಬಿಳಿ ಟ್ರಿಲಿಯಂ ಹೂವು. ಹೀಗೆ ಒಂದೇ ಮಧ್ಯಾಹ್ನದಲ್ಲಿ ನಾವು ಶಿಶಿರದಿಂದ ವಸಂತಕ್ಕೆ ಇಳಿದು, ಮುಂದಿನ ಏರಿನಲ್ಲಿ ಮತ್ತೆ ಶಿಶಿರಕ್ಕೆ ಹತ್ತಿದೆವು.

ಮೊದಲ ರಾತ್ರಿ ಹಾಕ್ ಮೌಂಟನ್ ತಂಗುಮನೆಯ ಬಳಿ ಡೇರೆ ಹಾಕಿದೆವು. ತಂಗುಮನೆಯೆಂದರೆ ಮೂರು ಗೋಡೆ, ಒಂದು ಸೂರು; ನಾಲ್ಕನೆಯ ಕಡೆ ಕಾಡು. ದಾರಿಯಲ್ಲಿ ಯಾರೂ ತಮ್ಮ ಮನೆಯ ಹೆಸರನ್ನು ಹೇಳುವುದಿಲ್ಲ. ಜೊತೆಯವರು ಇಟ್ಟ ಹೆಸರೇ ಹೆಸರು. ಹಿಂದೊಮ್ಮೆ ಭಾವನವರ ಹುಣಸೆಯ ಗೊಜ್ಜಿನ ರುಚಿ ಕಂಡವರು ಅವರಿಗೆ ‘ಟ್ಯಾಮರಿಂಡ್’ ಎಂದು ನಾಮಕರಣ ಮಾಡಿದ್ದರು. ನನ್ನ ವೃತ್ತಿಯನ್ನು ಕೇಳಿದೊಡನೆ ನಾನು ‘ಪ್ರೊಫೆಸರ್’ ಆದೆ. ಪದೋನ್ನತಿಗೆ ಇಷ್ಟು ಸುಲಭವಾದ ಮಾರ್ಗವಿರುವುದು ನನಗೆ ತಿಳಿದಿರಲಿಲ್ಲ. ನಡುರಾತ್ರಿಯಲ್ಲಿ ಗುಂಡಿನ ಶಬ್ದ ಕೇಳಿ ಎದ್ದು ಕುಳಿತೆ. “ಮಲಗು. ಪಕ್ಕದಲ್ಲಿ ಸೈನ್ಯದ ತರಬೇತಿಯ ಶಿಬಿರ ಇದೆ. ಖಾಲಿ ತೋಟಾ” ಎಂದು ಭಾವ ಮಗ್ಗುಲು ಬದಲಿಸಿದರು.

ಎರಡನೆಯ ದಿನ ಸ್ಯಾಸಫ್ರಾಸ್ ಬೆಟ್ಟದ ಏರು ನನ್ನ ಅಹಂಕಾರವನ್ನು ಪೂರ್ತಿಯಾಗಿ ಇಳಿಸಿತು. ನಿಂತು ಉಸಿರು ತಿರುಗಿಸಿಕೊಳ್ಳುತ್ತಿದ್ದಾಗ, ಕೈಗರಗಸ ಹಿಡಿದ ವೃದ್ಧ ದಂಪತಿಗಳು ದಾರಿಗಡ್ಡ ಬಿದ್ದ ಮರವೊಂದನ್ನು ಕುಯ್ಯುತ್ತಿರುವುದು ಕಂಡಿತು. ಮಾತಿಗೆಳೆದೆ. ಅವರು ಸಂಬಳದ ಕೆಲಸಗಾರರಲ್ಲ. ಜಾರ್ಜಿಯಾದ ಪಾಲಿನ ಸುಮಾರು 78 ಮೈಲಿ ದಾರಿಯನ್ನು ನೋಡಿಕೊಳ್ಳುವ ಒಂದು ಸಂಘ 1930ರಿಂದ ಇದೆ. ಮೇನ್‌ವರೆಗೆ ಇಂತಹ ಸುಮಾರು ಮೂವತ್ತು ಸಂಘಗಳು. ಅದರ ಸದಸ್ಯರು ತಲೆಗೊಂದೆರಡು ಮೈಲಿಗಳನ್ನು ಹಂಚಿಕೊಂಡಿರುತ್ತಾರೆ. ಬಿದ್ದ ಮರ ತೆಗೆಯುವುದು, ಮಳೆನೀರು ದಾರಿಯನ್ನು ಕೊರೆಯದಂತೆ ಅಡ್ಡಕಾಲುವೆ ತೋಡುವುದು, ಮಾಸಿದ ಗುರುತಿಗೆ ಬಿಳಿ ಬಣ್ಣ ಬಳಿಯುವುದು ಅವರ ಕೆಲಸ. “ನೀವು ಪೂರ್ತಿ ದಾರಿ ನಡೆದಿದ್ದೀರಾ?” ಎಂದು ಕೇಳಿದೆ. ಆಕೆ ನಕ್ಕು, “ನಾವು ನಡೆದಿರುವುದು ಈ ಎರಡೇ ಮೈಲಿ. ಆದರೆ ಇದನ್ನು ಇನ್ನೂರು ಸಲ ನಡೆದಿದ್ದೇವೆ” ಎಂದಳು. ಗಂಡ ಗರಗಸದಿಂದ ತಲೆಯೆತ್ತದೆ, “ಇನ್ನೂರಕ್ಕಿಂತ ಹೆಚ್ಚು” ಎಂದು ತಿದ್ದಿದ.

ಆ ರಾತ್ರಿ ಗೂಚ್ ಮೌಂಟನ್ ತಂಗುಮನೆಯಲ್ಲಿ ಕಳೆದೆವು. ಮೂರನೆಯ ದಿನ ಬೆಳಗ್ಗೆ ನಾನು ಹುರುಪಿನಲ್ಲಿದ್ದೆ. ಅಂದು ಬ್ಲಡ್ ಮೌಂಟನ್ ಸೇರಬೇಕು. ಜಾರ್ಜಿಯಾದ ಈ ದಾರಿಯಲ್ಲಿ ಅದೇ ಅತ್ಯುನ್ನತ ಶಿಖರ, 4,458 ಅಡಿ. ಅದರ ನೆತ್ತಿಯಲ್ಲಿ 1930ರ ದಶಕದಲ್ಲಿ ನಿರುದ್ಯೋಗಿ ಯುವಕರಿಗಾಗಿ ಸರ್ಕಾರ ತೆರೆದ ಶಿಬಿರದವರು ಕಟ್ಟಿದ ಕಲ್ಲುಮನೆಯಿದೆ. ಮರುದಿನ ಅಲ್ಲಿಂದ ನೀಲ್ ಗ್ಯಾಪ್ ಎಂಬ ಕಣಿವೆಬಾಯಿಗೆ ಇಳಿದರೆ ನಮ್ಮ ತುಂಡು ಮುಗಿಯಿತು. ಅಲ್ಲಿ ದಾರಿಯೇ ಒಂದು ಕಲ್ಲಿನ ಕಟ್ಟಡದ ಚಾವಣಿಯ ಕೆಳಗೆ ಹಾದುಹೋಗುತ್ತದೆಂದು ಓದಿದ್ದೆ. ಅಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಭಂಗಿಯನ್ನು ಕೂಡ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದೆ.

ರಾಮ್‌ರಾಕ್ ಎಂಬ ಬೋಳು ಬಂಡೆಯ ಮೇಲೆ ಭಾವ ಕುಳಿತರು. ದಣಿವೆಂದುಕೊಂಡೆ. ಆದರೆ ಗಾಳಿ ತಂಪಾಗಿದ್ದರೂ ಅವರ ಹಣೆಯಲ್ಲಿ ಬೆವರಿತ್ತು. “ನೋವಿದೆಯೇ?” ಎಂದೆ. “ನೋವಿಲ್ಲ. ಆದರೆ ಇವತ್ತು ಮೈ ಬೇಡ ಅಂತಿದೆ” ಎಂದರು. ನಿಧಾನವಾಗಿ ಇಳಿದು ವುಡಿ ಗ್ಯಾಪ್ ತಲುಪಿದೆವು. ಅಲ್ಲಿ ಡಾಂಬರು ರಸ್ತೆಯೊಂದು ದಾರಿಯನ್ನು ಅಡ್ಡ ಹಾಯುತ್ತದೆ. ಪಶ್ಚಿಮದಲ್ಲಿ ಮೋಡ ಕಪ್ಪಾಗುತ್ತಿತ್ತು. ಸಂಜೆಗೆ ಗುಡುಗು ಸಿಡಿಲೆಂದು ಹವಾಮಾನದ ಸೂಚನೆ. ಭಾವ ಚೀಲ ಕೆಳಗಿಳಿಸಿ, “ಇಲ್ಲಿಗೆ ನಿಲ್ಲಿಸೋಣ” ಎಂದರು.

ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಬರೆಯದೆ ಈ ಪ್ರಬಂಧಕ್ಕೆ ಅರ್ಥವಿಲ್ಲ. “ಇನ್ನು ಹನ್ನೊಂದು ಮೈಲಿಯಲ್ಲವೇ ಭಾವ? ಇಷ್ಟು ದೂರ ಬಂದು ಅರ್ಧಕ್ಕೆ ಬಿಡುವುದೆಂದರೆ ಏನು ಬಂದ ಹಾಗಾಯಿತು? ನೀವು ಇಲ್ಲಿಂದ ಮನೆಗೆ ಹೋಗಿ, ನಾನೊಬ್ಬನೇ ಮುಗಿಸಿ ಬರುತ್ತೇನೆ” ಎಂದುಬಿಟ್ಟೆ.

ಹೃದ್ರೋಗಿಯಾದ ಮನುಷ್ಯನನ್ನು ರಸ್ತೆಯ ಬದಿಯಲ್ಲಿ ಬಿಟ್ಟು, ಕಾಡು ಕಂಡರಿಯದ ಕನ್ನಡ ಮೇಷ್ಟರೊಬ್ಬ ಸಿಡಿಲು ಹೊಡೆಯುವ ಬೋಳುಬಂಡೆಗೆ ಹೊರಡುವ ಮಾತು! ಭಾವ ಕೋಪಿಸಿಕೊಳ್ಳಲಿಲ್ಲ. ನೀರು ಕುಡಿದು, ಮುಚ್ಚಳ ತಿರುಗಿಸುತ್ತ, “ನಿನ್ನ ಥೀಸಿಸ್ ಎಷ್ಟನೇ ಅಧ್ಯಾಯಕ್ಕೆ ನಿಂತಿದೆ?” ಎಂದು ಕೇಳಿದರು.

ನಾನು ಮಾತಾಡಲಿಲ್ಲ.

“ಹಂಗಿಸಲಿಕ್ಕೆ ಕೇಳಿದ್ದಲ್ಲ” ಎಂದರು. “ನೀನು ಅದನ್ನು ಬಿಟ್ಟೆ ಅಂತ ತಿಳಿದಿದ್ದೀಯ. ನಾನು ಹಾಗೆ ತಿಳಿದಿಲ್ಲ. ಎಲ್ಲಿ ನಿಂತಿದೆ ಅಂತ ಗೊತ್ತಿದ್ದರೆ ಬಿಟ್ಟ ಹಾಗಲ್ಲ. ನಾನು ಈ ದಾರಿಯನ್ನು ಪೂರ್ತಿ ನಡೆಯೋದಿಲ್ಲ. ಆಯುಸ್ಸು ಸಾಲೋದಿಲ್ಲ, ಅದು ನನಗೂ ಗೊತ್ತು, ನಿನ್ನ ಅಕ್ಕನಿಗೂ ಗೊತ್ತು. ಆದರೆ ವರ್ಷಕ್ಕೆ ಒಂದು ತುಂಡು ನನ್ನದು. ಹುಡುಗು ಹಟ ಮಾಡಿ ಅದನ್ನೂ ಕಳಕೊಳ್ಳಲೇ?” ಆಮೇಲೆ ಇನ್ನೊಂದು ಸಂಗತಿ ಹೇಳಿದರು. ಈ ದಾರಿಯ ಮೇಲ್ವಿಚಾರಣೆಯ ಸಂಸ್ಥೆ ಪೂರ್ತಿ ನಡೆದವರಿಗೆ ಒಂದು ಪ್ರಶಸ್ತಿಪತ್ರ ಕೊಡುತ್ತದೆ. ಐದು ತಿಂಗಳಲ್ಲಿ ಮುಗಿಸಿದವನಿಗೂ, ಮೂವತ್ತು ವರ್ಷ ತುಂಡುತುಂಡಾಗಿ ನಡೆದು ಮುಗಿಸಿದವನಿಗೂ ಅದು ಒಂದೇ. ಎಷ್ಟು ಕಾಲ ಹಿಡಿಯಿತೆಂದು ಕೇಳುವುದಿಲ್ಲ.

ರಸ್ತೆಬದಿಯಲ್ಲಿ ಒಬ್ಬಾಕೆ ಹಳೆಯ ಪಿಕಪ್ ಲಾರಿಯ ಹಿಂಬದಿಯನ್ನು ಬಿಚ್ಚಿ, ನಡೆದು ಬಂದವರಿಗೆಲ್ಲ ಕಿತ್ತಳೆಹಣ್ಣು ಹಂಚುತ್ತಿದ್ದಳು. ಇಂತಹ ದಾನಿಗಳನ್ನು ಅಲ್ಲಿ ದಾರಿಯ ದೇವದೂತರೆನ್ನುತ್ತಾರೆ. ನಮ್ಮ ಕಡೆಯ ಅರವಟ್ಟಿಗೆಯ ಪುಣ್ಯವೇ ಅದು. ಭಾವನ ಮುಖ ನೋಡಿ ಆಕೆ ಏನನ್ನೂ ಕೇಳದೆ ನಮ್ಮನ್ನು ಹತ್ತಿಸಿಕೊಂಡು ಡಲೋನೆಗಾ ಎಂಬ ಪಟ್ಟಣದ ವೈದ್ಯರಲ್ಲಿಗೆ ಮುಟ್ಟಿಸಿದಳು. ಪರೀಕ್ಷೆಯಲ್ಲಿ ಭಯಪಡುವಂತಹದೇನೂ ಕಾಣಲಿಲ್ಲ, ವಿಶ್ರಾಂತಿ ಬೇಕೆಂದರು. ನಾವು ವಸತಿಗೃಹ ಸೇರುವಷ್ಟರಲ್ಲಿ ಆಕಾಶ ಕಳಚಿ ಬಿದ್ದಂತೆ ಮಳೆ ಬಂತು. ಬೆಟ್ಟದ ಕಡೆ ಸಿಡಿಲು ಹೊಡೆದಾಗಲೆಲ್ಲ ನಾನು ಕಿಟಕಿಯಿಂದ ಮುಖ ತಿರುಗಿಸಿಕೊಂಡೆ.

ಮರುದಿನ ಭಾವ ಮಲಗಿದ್ದಾಗ ಪಟ್ಟಣದ ನಡುವಿರುವ ಹಳೆಯ ನ್ಯಾಯಾಲಯದ ಕಟ್ಟಡಕ್ಕೆ ಹೋದೆ. ಅದೀಗ ಚಿನ್ನದ ವಸ್ತುಸಂಗ್ರಹಾಲಯ. ಡಲೋನೆಗಾ ಎಂಬ ಹೆಸರೇ ಚೆರೋಕಿ ಭಾಷೆಯಲ್ಲಿ ಹಳದಿ ಎಂಬರ್ಥದ ಮಾತಿನಿಂದ ಬಂದದ್ದು. ಈ ಬೆಟ್ಟಗಳೆಲ್ಲ ಚೆರೋಕಿ ಜನರವು. 1829ರ ಹೊತ್ತಿಗೆ ಇಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿ ಜನ ಮುಗಿಬಿದ್ದರು. 1832ರಲ್ಲಿ ಸಂಸ್ಥಾನದ ಸರ್ಕಾರ ಅವರ ನೆಲವನ್ನು ಲಾಟರಿ ಹಾಕಿ ಹಂಚಿತು. 1838ರಲ್ಲಿ ಸೈನಿಕರು ಅವರನ್ನು ಮನೆಗಳಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದರು. ಸುಮಾರು 16,000 ಜನರಲ್ಲಿ 4,000ದಷ್ಟು ಜನ ಸತ್ತರೆಂದು ಅಂದಾಜು. ಆ ದಾರಿಗೆ ಕಣ್ಣೀರಿನ ದಾರಿಯೆಂದು ಹೆಸರು. ನಾಲ್ಕು ದಿನ ಸಂತೋಷಕ್ಕಾಗಿ ನಡೆಯಲು ಹೊರಟು, ಮೂರೇ ದಿನಕ್ಕೆ ನಿಂತೆವೆಂದು ಮುನಿದಿದ್ದ ನನಗೆ, ಅದೇ ಬೆಟ್ಟಗಳಿಂದ ಹೊರಟು ನಿಲ್ಲುವ ಸ್ವಾತಂತ್ರ್ಯವೇ ಇಲ್ಲದೆ ನಡೆದವರ ನೆನಪು ಮಾತು ಕಟ್ಟಿಸಿತು.

ಆಗ ಶಿಖರದ ಮೇಲಿನ ಯುವಕನ ಪ್ರಶ್ನೆ ನೆನಪಾಯಿತು. ಚೆರೋಕಿಗೆ ಸ್ವಂತ ಅಕ್ಷರಗಳಿವೆಯೇ ಎಂದು ಅಲ್ಲಿಯವರನ್ನು ವಿಚಾರಿಸಿದೆ. ಅಕ್ಷರಗಳೇನು, ಪತ್ರಿಕೆಯೇ ಇತ್ತು ಎಂದರು. ಸಂಜೆ ಭಾವನಿಗೆ ಹೇಳಿದೆ. ಮರುದಿನ ಅಕ್ಕನ ಮಗಳು ಕಾರು ತಂದಾಗ ಅವರು, “ನೇರ ಮನೆಗೆ ಬೇಡ. ಮೊದಲು ನಿನ್ನ ಮಾವನಿಗೆ ಒಂದು ಅಚ್ಚುಕೂಟ ತೋರಿಸಬೇಕು” ಎಂದರು.

ನ್ಯೂ ಎಕೋಟಾ ಎಂಬುದು ಪಶ್ಚಿಮಕ್ಕಿದೆ. ಚೆರೋಕಿ ರಾಷ್ಟ್ರದ ರಾಜಧಾನಿಯಾಗಿದ್ದ ಊರು. ಈಗ ಹುಲ್ಲುಬಯಲಿನಲ್ಲಿ ಮರುಕಟ್ಟಿದ ಕೆಲವು ಮರದ ಮನೆಗಳು. ಅದರಲ್ಲೊಂದು ಮುದ್ರಣಾಲಯ. ಸೆಕ್ವೋಯಾ ಎಂಬ ಚೆರೋಕಿ, ಯಾವ ಭಾಷೆಯನ್ನೂ ಓದಲು ಬಾರದವನು, 1821ರ ಸುಮಾರಿಗೆ ತನ್ನ ನುಡಿಗೆ ತಾನೇ ಲಿಪಿ ರಚಿಸಿದ. ನಮ್ಮಲ್ಲಿಯಂತೆ ಒಂದು ಗುರುತಿಗೆ ಒಂದು ಉಚ್ಚಾರದ ತುಂಡು. ಆದರೆ ನಮ್ಮ ಕ, ಕಿ, ಕುಗಳಲ್ಲಿ ಒಂದೇ ಮೂಲರೂಪ ಕಾಣುವಂತೆ ಅಲ್ಲಿ ಕಾಣುವುದಿಲ್ಲ; ಪ್ರತಿಯೊಂದಕ್ಕೂ ಬೇರೆಯೇ ಆಕಾರ, ಒಟ್ಟು ಎಂಬತ್ತೈದು. ಆ ಅಕ್ಷರಗಳ ಮೊಳೆಗಳನ್ನು ಬಾಸ್ಟನ್ನಿನಲ್ಲಿ ಎರಕ ಹೊಯ್ಯಿಸಿ ತಂದು, 1828ರ ಫೆಬ್ರವರಿ 21ರಂದು ‘ಚೆರೋಕಿ ಫೀನಿಕ್ಸ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಮಂಗಳೂರಿನಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ್ದು 1843ರ ಜುಲೈ 1ರಂದು, ಅದು ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಎಂದರೆ ನಮಗಿಂತ ಹದಿನೈದು ವರ್ಷ ಮೊದಲು ಈ ಜನ ಪತ್ರಿಕೆ ಓದುತ್ತಿದ್ದರು. ಮೊದಲ ಪತ್ರಿಕೆಗಳ ಮೇಲೆ ನಾಲ್ಕು ಅಧ್ಯಾಯ ಬರೆದವನಿಗೆ ಇದು ತಿಳಿದಿರಲಿಲ್ಲ.

1834ರಲ್ಲಿ ಪತ್ರಿಕೆ ನಿಂತಿತು. ಮರುವರ್ಷ ಜಾರ್ಜಿಯಾದ ಕಾವಲು ಪಡೆಯವರು ಅಚ್ಚಿನ ಯಂತ್ರವನ್ನು ಹೊತ್ತೊಯ್ದರು. 1954ರಲ್ಲಿ ಅಲ್ಲಿ ಅಗೆದು ನೋಡಿದಾಗ ಸೀಸದ ಅಚ್ಚುಮೊಳೆಗಳು ಮಣ್ಣಿನಲ್ಲಿ ದೊರೆತವು. ಕಥೆ ಅಲ್ಲಿಗೇ ಮುಗಿಯಲಿಲ್ಲ. ಅದೇ ಹೆಸರಿನ ಪತ್ರಿಕೆ ಇಂದು ಆ ಜನ ನೆಲೆಸಿರುವ ಒಕ್ಲಹೋಮದಿಂದ ಹೊರಡುತ್ತಿದೆ. ನಿಂತದ್ದು ನಿಂತ ಜಾಗದಿಂದ ಮುಂದುವರಿದಿದೆ.

ಹಿಂತಿರುಗುವಾಗ ಕಾರಿನಲ್ಲಿ ಭಾವನಲ್ಲಿ ಕ್ಷಮೆ ಕೇಳಿದೆ. “ಯಾವುದಕ್ಕೆ?” ಎಂದರು. ಹೇಳಿದೆ. “ಅದಾ? ಹತ್ತು ಕೇಜಿ ಬೆನ್ನಮೇಲಿದ್ದಾಗ ಆಡಿದ ಮಾತು ಲೆಕ್ಕಕ್ಕಿಲ್ಲ” ಎಂದು ಕಣ್ಣು ಮುಚ್ಚಿಕೊಂಡರು.

2024ರ ವಸಂತದಲ್ಲಿ ಅವರು ಮಗಳೊಡನೆ ವುಡಿ ಗ್ಯಾಪಿಗೆ ಹೋಗಿ, ನಾವು ನಿಲ್ಲಿಸಿದ ಬಿಳಿಯ ಗುರುತಿನಿಂದಲೇ ಹೊರಟು, ಆ ಹನ್ನೊಂದು ಮೈಲಿಗಳನ್ನು ಮೂರು ದಿನದಲ್ಲಿ ನಿಧಾನವಾಗಿ ಮುಗಿಸಿದರು. ಬ್ಲಡ್ ಮೌಂಟನ್ನಿನ ಕಲ್ಲುಮನೆಯ ಮುಂದೆ ನಿಂತ ಚಿತ್ರ ಕಳುಹಿಸಿ, ‘ನಿನ್ನ ಪಾಲಿನದು ಹಾಗೇ ಇದೆ, ಯಾರೂ ಮುಟ್ಟಿಲ್ಲ’ ಎಂದು ಬರೆದಿದ್ದರು.

ನನ್ನ ಕೆಂಪು ಗಂಟನ್ನು ಬೀರುವಿನಿಂದ ಇಳಿಸಿದ್ದೇನೆ. ವಿಶ್ವವಿದ್ಯಾಲಯದ ನೋಂದಣಿಯ ಅವಧಿ ಎಂದೋ ಕಳೆದಿರುವುದರಿಂದ ಅದರಿಂದ ಪದವಿ ಬರುವಂತಿಲ್ಲ. ಬಡ್ತಿಯ ಮಾತು ದೂರವೇ ಉಳಿಯಿತು. ಐದನೆಯ ಅಧ್ಯಾಯಕ್ಕೆಂದು ಹಿಂದೆ ಇಟ್ಟಿದ್ದ ತಲೆಬರಹವನ್ನು ಹೊಡೆದುಹಾಕಿ, 1828 ಎಂದು ಬರೆದು, ಕೆಳಗೆ 1843 ಎಂದು ಬರೆದೆ. ಬೇಸಿಗೆಯ ರಜೆಯಲ್ಲಿ ಹದಿನೆಂಟು ಪುಟಗಳಾದವು. ಕಾಲೇಜು ತೆರೆಯಿತು, ಉತ್ತರಪತ್ರಿಕೆಗಳು ಬಂದವು, ಅಲ್ಲಿಗೆ ನಿಲ್ಲಿಸಿದ್ದೇನೆ. ಹದಿನೆಂಟನೆಯ ಪುಟದ ಕೊನೆಯ ಸಾಲಿನ ಪಕ್ಕದಲ್ಲಿ, ಎರಡಂಗುಲ ಅಗಲ, ಆರಂಗುಲ ಉದ್ದದ ಒಂದು ಬಿಳಿಯ ಕಾಗದದ ಪಟ್ಟಿಯನ್ನು ಇಟ್ಟಿದ್ದೇನೆ.